ಎರಡೇ ರಿಂಗಿನ ಮುನಿಆಂಜನಪ್ಪ

ಜೀವನ್ ಬಿಮಾ ನಗರದ ಒಂದು ಅಡ್ಡರಸ್ತೆಗೆ ಹದಿನೆಂಟು ವರ್ಷದಿಂದ ನೀರು ಬಿಡುವವರು ಹೊರಮಾವಿನ ಮುನಿಆಂಜನಪ್ಪ. ದಿನ ಬಿಟ್ಟು ದಿನ ಬೆಳಿಗ್ಗೆ ಆರಕ್ಕೆ ಬಂದು, ಉದ್ದನೆಯ ಕಬ್ಬಿಣದ ಕೀಲಿಯಿಂದ ವಾಲ್ವ್ ತಿರುಗಿಸಿ, ಹನ್ನೆರಡು ಮನೆಗೂ ಎರಡೆರಡು ರಿಂಗ್ ಕೊಟ್ಟು ಕಟ್ ಮಾಡುತ್ತಿದ್ದರು. ಯಾರೂ ಎತ್ತುವಂತಿಲ್ಲ, ಎತ್ತಿದರೆ ಕರೆನ್ಸಿ ದಂಡ. ರಿಂಗಾದರೆ ನೀರು ಬಂತು ಅಂತ ಅರ್ಥ. ತಮ್ಮ ಕೈಯಿಂದ ಒಂದು ಮನೆಯೂ ಒಣಗಿಲ್ಲ ಎನ್ನುವುದೇ ಅವರ ಹೆಮ್ಮೆ. ನಿವೃತ್ತಿಗೆ ಎರಡು ತಿಂಗಳಿತ್ತು, ಆ ಹೆಸರು ಉಳಿಸಿಕೊಂಡು ಮನೆಗೆ ಹೋಗಬೇಕೆಂಬ ಆಸೆ.

ಬೀದಿಯ ಸಂಘದ ದತ್ತು ಸುಮ್ಮನಿರಬೇಕಲ್ಲ! "ಇನ್ನೂ ಮಿಸ್ಡ್ ಕಾಲಾ ಮುನಿಆಂಜನಪ್ಪನೋರೇ? ನೆಟ್ ಕಾಲ್ ಮಾಡಿ. ಎಲ್ರಿಗೂ ಒಂದೇ ಸಲ ಹೋಗುತ್ತೆ, ಎಷ್ಟು ಮಾತಾಡಿದ್ರೂ ಕರೆನ್ಸಿ ಹೋಗಲ್ಲ" ಎಂದು ತನ್ನ ಹಳೆಯ ಸ್ಮಾರ್ಟ್‌ಫೋನನ್ನೇ ಕೊಟ್ಟ.

ಮೊದಲ ದಿನ ಮುನಿಆಂಜನಪ್ಪ ಕೀಲಿಯನ್ನು ಗೋಡೆಗೆ ಒರಗಿಸಿ ಫೋನ್ ಒತ್ತಿದರು. ಹನ್ನೆರಡು ಮನೆಯವರೂ ಪರದೆಯ ಮೇಲೆ ಹಾಜರ್. "ಅಂಕಲ್, ನಿಮ್ಮ ದನಿ ಇವತ್ತೇ ಕೇಳಿದ್ದು!" ಎಂದಳು ಮೂರನೇ ಮನೆಯ ರಮ್ಯ. ಯಾರೋ ಮೊಮ್ಮಕ್ಕಳೆಷ್ಟು ಎಂದರು. ಇಡ್ಲಿ ಅಂಗಡಿಯ ಮುದುಕಿ ಶೇಷಮ್ಮ ಮಂಡಿನೋವಿಗೆ ಮದ್ದು ಕೇಳಿದರು. ಎರಡು ರಿಂಗಿಗೇ ಬದುಕು ಮುಗಿಸಿದ್ದ ಮನುಷ್ಯ ಕಟ್ಟೆ ಒಡೆದಂತೆ ಮಾತಾಡಿದರು. ಅಪ್ಪನ ರಾಗಿ ಹೊಲ, ಊರಿನ ಕೆರೆ, ಸೊಸೆಯ ಸಾರು, ಒಂದನ್ನೂ ಬಿಡಲಿಲ್ಲ. ಅವರಿಗಾದ ಖುಷಿ ಹೇಳತೀರದು.

ಏಳು ಗಂಟೆಗೆ ಶೇಷಮ್ಮನೇ ಕೇಳಿದರು, "ಅದಿರ್ಲಿ ಕಣಪ್ಪ, ನೀರೆಲ್ಲಿ?"

ಕೀಲಿ ಗೋಡೆಗೇ ಒರಗಿತ್ತು! ಏಳರ ಮೇಲೆ ಪಕ್ಕದ ಬೀದಿಯ ಸರದಿ. ಮುನಿಆಂಜನಪ್ಪ ಫೋನ್ ಕಟ್ ಮಾಡಿದರು. ನೇರ ಶೇಷಮ್ಮನ ಬಾಗಿಲಿಗೆ ಹೋಗಿ, "ತಪ್ಪಾಯ್ತಮ್ಮ. ನನ್ನ ಹೆಸರು ನಾನೇ ಕೆಡಿಸ್ಕೊಂಡೆ" ಎನ್ನುವಾಗ ಕಣ್ಣು ತುಂಬಿತು. ಅಂದು ಆ ಬೀದಿಗೆ ಬಂದ ನೀರು ಅಷ್ಟೇ.

"ಒಂದು ಗಂಟೆ ನಾವೂ ಹರಟೆ ಹೊಡೀಲಿಲ್ವಾ? ಹನ್ನೆರಡು ಮನೇಲಿ ಒಬ್ರಿಗಾದ್ರೂ ನೀರು ನೆನಪಾಯ್ತಾ? ಟ್ಯಾಂಕರ್‌ಗೆ ಹೇಳಿದೀನಿ, ಬಿಡು" ಎಂದರು ಶೇಷಮ್ಮ.

ಮುಂದಿನ ಸರದಿಗೆ ಮುನಿಆಂಜನಪ್ಪ ಹಳೆಯ ಫೋನನ್ನೇ ತಂದರು. ಮೊದಲು ವಾಲ್ವ್ ತಿರುಗಿಸಿ, ಎಲ್ಲರಿಗೂ ರಿಂಗ್ ಕೊಟ್ಟು, ಫೋನನ್ನು ಜೇಬಿಗೆ ಹಾಕುವಷ್ಟರಲ್ಲಿ ಅದೇ ಹೊಡೆದುಕೊಂಡಿತು. ಆ ಬೀದಿಯವರು ಯಾರೂ ಎಂದೂ ಅವರಿಗೆ ಫೋನ್ ಮಾಡಿದ್ದಿಲ್ಲ. ಅಭ್ಯಾಸಬಲ, ಕಟ್ ಮಾಡಿಬಿಟ್ಟರು. ಮತ್ತೆ ಹೊಡೆಯಿತು. ಈ ಸಲ ಎತ್ತಿದರು.

"ಯಾಕಪ್ಪ ಕಟ್ ಮಾಡ್ತೀಯಾ?" ಶೇಷಮ್ಮನ ದನಿ. "ಸಂಪು ತುಂಬ್ತಾ ಇದೆ. ಇಡ್ಲಿ ಈಗ್ತಾನೆ ಇಳಿಸಿದೀನಿ, ಬಂದು ಕೂತ್ಕೋ. ನಿನ್ನ ಹತ್ರ ಮಾತಾಡೋದು ಇನ್ನೂ ಬೇಕಾದಷ್ಟಿದೆ."