ಎಳೀಬ್ಯಾಡ, ಉಣಸು

ಮೇಸ್ತ್ರಿಯ ಬಲಗೈ ಹೆಬ್ಬೆರಳು ರೊಟ್ಟಿ ಮಗುಚುವ ಸಟ್ಟುಗದ ಹಾಗೆ ಚಪ್ಪಟೆಯಾಗಿತ್ತು. ಉಗುರು ನಟ್ಟನಡುವೆ ಸೀಳಿ, ಆ ಸೀಳಿನಲ್ಲಿ ಗ್ರೀಸು ಕೂತು, ಕಾಡಿಗೆಯ ಗೆರೆ ಎಳೆದಂತೆ ಇರುತ್ತಿತ್ತು. ಹಳೆಯ ಕಾರುಗಳ ಗಾಜಿನ ಸುತ್ತ ರಬ್ಬರು ಒತ್ತಿ ಒತ್ತಿ ಆದ ಬೆರಳು ಅದು. ರೊಟ್ಟಿ ತಿನ್ನುವಾಗಲೂ ಆ ಬೆರಳು ಮೊದಲು ರೊಟ್ಟಿಯ ಅಂಚನ್ನು ಸುತ್ತಲೂ ಒತ್ತಿ ನೋಡುತ್ತಿತ್ತು, ಆಮೇಲೆ ಮುರಿಯುತ್ತಿತ್ತು.

ಅವನು ಎಂದೇ ಬರೆಯುತ್ತೇನೆ. ನನಗಿಂತ ಎರಡು ವರ್ಷ ಸಣ್ಣವನು. ಸತ್ತನೆಂದು ಈಗ ‘ಅವರು’ ಎಂದರೆ ಎದ್ದು ಬಂದು ಬಯ್ದಾನು. ನಾನು ಕಲಿತದ್ದು ಮೂರನೇ ಇಯತ್ತೆ. ತಪ್ಪು ಇದ್ದರೆ ಓದುವವರು ತಿದ್ದಿಕೊಳ್ಳಲಿ.

ಇಳಕಲ್ಲಿನಿಂದ ಹುನಗುಂದಕ್ಕೆ ಹೋಗುವ ರಸ್ತೆಯಲ್ಲಿ ನಮ್ಮ ಮನೆ. ಮನೆಗೆ ಹತ್ತಿಕೊಂಡೇ ಅವನ ಗ್ಯಾರೇಜು. ಕ್ವಾರಿಯವರು ಬೇಡವೆಂದು ಒಗೆದ ಕೆಂಪು ಕಲ್ಲಿನ ಚಪ್ಪಡಿಗಳನ್ನು ಮೂರು ಕಡೆ ನಿಲ್ಲಿಸಿ, ಮೇಲೆ ತಗಡು ಹೊದಿಸಿ, ಮುಂದೆ ಎರಡು ಪಡಿಯ ಕಬ್ಬಿಣದ ಬಾಗಿಲು ಹಚ್ಚಿದ್ದ. ಅವನು ಶಿರೂರಿನ ಕುರಿಯವರ ಮನೆತನದವನು. ಕುರಿ ಬಿಟ್ಟು ಕಾರಿಗೆ ಯಾಕೆ ಬಂದೆ ಎಂದು ಒಮ್ಮೆ ಕೇಳಿದೆ.

“ಕುರಿ ಹೋದಲ್ಲಿ ನಾವು ಹೋಗಬೇಕು ಬೇ ಯಕ್ಕಾ. ಕಾರು ನಾ ನಿಲ್ಲಿಸಿದಲ್ಲಿ ನಿಂದ್ರತೈತಿ.”

“ನಿನ್ನ ಗ್ಯಾರೇಜಿಗೆ ಬಂದ ಕಾರು ಮೂರು ವರ್ಷ ನಿಂತೇ ಇರತಾವ,” ಎಂದೆ. ನಕ್ಕ. ಸುಳ್ಳೇನಲ್ಲ. ಹೊಸ ಕಾರು ತಂದವರನ್ನು ಅವನು ಬಾಗಿಲಲ್ಲೇ ತಿರುಗಿಸಿ ಕಳಿಸುತ್ತಿದ್ದ. ಅವನಿಗೆ ಬೇಕಾದದ್ದು ಯಾರದೋ ಹಿತ್ತಲಲ್ಲಿ ಕೋಳಿ ಮೊಟ್ಟೆ ಇಡುತ್ತಿದ್ದ ಕಾರು. ಅದನ್ನು ಎಳೆದು ತಂದು, ಬಿಚ್ಚಿ, ತಿಕ್ಕಿ, ಮತ್ತೆ ಕಾರು ಮಾಡುತ್ತಿದ್ದ. ರಬ್ಬರು ಹೊಸದೋ ಹಳೆಯದೋ ಎಂದು ಹಲ್ಲಿನಿಂದ ಕಚ್ಚಿ ನೋಡುವವನು. “ಥೂ, ಬಿಸಲಾಗ ಇಟ್ಟಾರ,” ಎಂದು ಅಂಗಡಿಯವನ ಮುಂದೆಯೇ ಉಗುಳಿ ಬರುತ್ತಿದ್ದ.

ಅವನಿಗೂ ನನಗೂ ಮಾತುಕತೆ ಶುರುವಾದದ್ದು ಹಗ್ಗದಿಂದ. ಆಗ ನಾನು ಮಗ್ಗದ ಕುಣಿಯಲ್ಲಿ ಕಾಲಿಳಿಸಿ ಕೂತಿದ್ದೆ. ಅವನು ಬಾಗಿಲಲ್ಲಿ ನಿಂತು ನೂಲಿನ ಹಗ್ಗ ಕೇಳಿದ. ಎಮ್ಮೆ ಕಟ್ಟಲೋ ಎಂದೆ. ಅಲ್ಲವಂತೆ, ಗಾಜು ಕೂರಿಸಲಂತೆ. ಹಳೆಯ ಕಾರಿನ ಮುಂದಿನ ಗಾಜಿಗೆ ಸುತ್ತಲೂ ದಪ್ಪ ರಬ್ಬರಿನ ಅಂಚು ಇರುತ್ತದೆ. ಆ ರಬ್ಬರಿನ ಸಂದಿಯಲ್ಲಿ ಹಗ್ಗ ಸುತ್ತಿ, ಸಾಬೂನಿನ ನೀರು ಹಚ್ಚಿ, ಗಾಜನ್ನು ಹೊರಗಿನಿಂದ ಒಬ್ಬರು ಒತ್ತಿ ಹಿಡಿಯಬೇಕು. ಒಳಗೆ ಕೂತವರು ಹಗ್ಗವನ್ನು ಮೆಲ್ಲಗೆ ಬಿಡಿಸುತ್ತಾ ಬಂದರೆ ರಬ್ಬರಿನ ತುಟಿ ತಗಡಿನ ಮೇಲೆ ಹತ್ತಿ ಕೂಡುತ್ತದೆ. ಪ್ಲಾಸ್ಟಿಕ್ ಹಗ್ಗ ಅವನ ರಬ್ಬರನ್ನು ಕೊಯ್ದಿತ್ತು. ಹಾಸಿನಲ್ಲಿ, ಮಗ್ಗದ ಉದ್ದೆಳೆಯಲ್ಲಿ, ಉಳಿದ ನೂಲಿನ ತುದಿಗಳನ್ನು ಹೊಸೆದು ಕೊಟ್ಟೆ. ಮರುದಿನ ಬಂದು ಆ ಹಗ್ಗವನ್ನು ತೊಳೆದು, ಒಣಗಿಸಿ, ಸುತ್ತಿ ವಾಪಸು ಕೊಟ್ಟ. ಕೊಟ್ಟದ್ದನ್ನು ತೊಳೆದು ತರುವ ಗಂಡಸನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ವರ್ಷಗಳು ಹೋದವು. ನನ್ನ ಮೊಣಕಾಲುಗಳು ಕುಣಿಗೆ ಇಳಿಯಲಾರೆವು ಎಂದವು. ಮಗ್ಗ ಬಿಚ್ಚಿ ಕೊಟ್ಟೆ. ಅಡ್ಡನೂಲು ಹಾಯಿಸುವ ಒಂದು ಲಾಳಿ ಮಾತ್ರ ಉಳಿಸಿಕೊಂಡೆ. ನೆನಪಿಗೆ ಅಂತಲ್ಲ, ಗಾಳಿಗೆ ಬಾಗಿಲು ಬಡಿಯದಂತೆ ಸಂದಿಗೆ ಸಿಗಿಸಲು. ಅದೇ ವರ್ಷ ಮೇಸ್ತ್ರಿಗೆ ಲಕ್ವಾ ಹೊಡೆಯಿತು. ದವಾಖಾನೆಯಿಂದ ಬಂದಾಗ ಬಲಗೈ ಮಡಚಿ ಎದೆಗೆ ಅಂಟಿತ್ತು. ಮಾತು ಜೋಲುತ್ತಿತ್ತು. ಆ ಚಪ್ಪಟೆ ಹೆಬ್ಬೆರಳು ಮುಷ್ಟಿಯೊಳಗೆ ಸೇರಿ ಹೊರಗೆ ಕಾಣುತ್ತಲೇ ಇರಲಿಲ್ಲ. ಕೆಲಸ ಇಲ್ಲದ ಇಬ್ಬರೂ ಗ್ಯಾರೇಜಿನ ಮುಂದಿನ ಕೆಂಪು ಕಲ್ಲಿನ ಮೇಲೆ ಕೂತು ರಸ್ತೆ ನೋಡುತ್ತಿದ್ದೆವು.

ಒಳಗೆ ಒಂದು ಕಾರು ನಿಂತಿತ್ತು. ಹುನಗುಂದದ ವಕೀಲರದು, ಅವರ ತಂದೆಯ ಕಾಲದ ಅಂಬಾಸಿಡರ್. ಎಲ್ಲ ಮುಗಿದಿತ್ತು. ಮುಂದಿನ ಗಾಜು ಮಾತ್ರ ಕೂರಿಸುವುದಿತ್ತು. ಆ ಗಾಜು ಒಂದೇ. ಒಡೆದರೆ ಅಂಥದ್ದು ಎಲ್ಲೂ ಸಿಗುವುದಿಲ್ಲ ಎಂದು ಮೇಸ್ತ್ರಿ ಅದನ್ನು ಕಂಬಳಿಯಲ್ಲಿ ಸುತ್ತಿ ಗೋಡೆಗೆ ಒರಗಿಸಿದ್ದ. ರಬ್ಬರಿನ ಮೇಲೆ ಕೂಡಿಸುವ ಬೆಳ್ಳಿ ಹೊಳಪಿನ ಪ್ಲಾಸ್ಟಿಕ್ ಪಟ್ಟಿಯೂ ಒಂದೇ ಸುರುಳಿ. ವಕೀಲರು ಮುಂಬೈಯಿಂದ ತರಿಸಿದ್ದರು.

ವಕೀಲರು ಒಂದು ದಿನ ಬಂದರು. ಸಂಗಡ ಅವರ ಹೆಂಡತಿಯ ತಮ್ಮ. ಅವನಿಗೆ ಬಾಗಲಕೋಟೆಯಲ್ಲಿ ಕಾರಿನ ಸಾಮಾನಿನ ಅಂಗಡಿ.

“ಮೇಸ್ತ್ರಿ, ತಪ್ಪ ತಿಳೀಬ್ಯಾಡ್ರಿ,” ಎಂದರು ವಕೀಲರು. “ಕಾರು ಬಾಗಲಕೋಟಿಗೆ ಒಯ್ತೇವಿ. ಅಲ್ಲೆ ಗಾಜು ಅಂಟಿಸಿ ಕೊಡ್ತಾರಂತ.”

“ಅಂಟು ಹಚ್ಚಿದ ಗಾಜು ಮತ್ತ ಸೀದಾ ಹೊರಗ ಬರೂದಿಲ್ರಿ,” ಎಂದ ಮೇಸ್ತ್ರಿ. ಒಂದೊಂದು ಮಾತನ್ನೂ ಹೊತ್ತು ತಂದಂತೆ ಆಡುತ್ತಿದ್ದ. “ನಾ ಕೂಡ್ರಸ್ತೇನಿ.”

ತಮ್ಮ ನಕ್ಕ. “ಯಾವ ಕೈಲೆ ಕಾಕಾ?”

ಮೇಸ್ತ್ರಿ ಎಡಗೈ ಎತ್ತಿದ. ಅದನ್ನು ತಿರುಗಿಸಿ ನನ್ನ ಕಡೆ ತೋರಿಸಿದ. “ಇದು ಒಂದು. ಅವು ಎರಡು. ಮೂರು ಅದಾವ. ನಿನಗ ಎರಡ ಅದಾವ.”

ನನಗೆ ಯಾರೂ ಹೇಳಿರಲಿಲ್ಲ, ಕೇಳಿರಲಿಲ್ಲ. ಆದರೂ ಆ ಅಂಗಡಿಯವನ ನಗೆ ನೋಡಿ ನಾನೂ ಎರಡು ಕೈ ಎತ್ತಿ ತೋರಿಸಿದೆ.

“ಎಂಟ ದಿನ ಕೊಡ್ರಿ,” ಎಂದ ಮೇಸ್ತ್ರಿ. “ಒಂದ ಹನಿ ನೀರು ಒಳಗ ಬಂದ್ರ ಕಾರು ಒಯ್ರಿ. ಬೀರಪ್ಪನ ಆಣಿ, ಈ ಬಾಗಲಾ ಹಾಕಿ ನಾ ಶಿರೂರಿಗೆ ಹೋಗಿ ಕುರಿ ಎಣಿಸಿಗೋತ ಕೂಡ್ತೇನಿ.”

ಹೀಗೆ ನಾನು ಗ್ಯಾರೇಜಿಗೆ ಹೋದೆ. ಎದುರು ಮನೆಯವಳು ಬಾಗಿಲಿಗೆ ನೀರು ಹಾಕುತ್ತಾ, “ಈ ವಯಸ್ಸಿನ್ಯಾಗ ಗಂಡಸರ ಗ್ಯಾರೇಜಿನ್ಯಾಗ ಏನ ಕೆಲಸ ಯವ್ವಾ?” ಎಂದಳು.

“ನಿನ್ನ ವಯಸ್ಸಿನ್ಯಾಗ ಹೋಗಿದ್ರ ಮಾತ ಬ್ಯಾರೆ ಇರತಿತ್ತು,” ಎಂದೆ. ಉಳಿದ ನೀರನ್ನು ಒಮ್ಮೆಗೇ ಚೆಲ್ಲಿ ಒಳಗೆ ಹೋದಳು.

ಮೊದಲ ಐದು ದಿನ ಗಾಜನ್ನು ಮುಟ್ಟಗೊಡಲಿಲ್ಲ. ಬರಿಯ ಹಗ್ಗ. ಖಾಲಿ ರಬ್ಬರಿನಲ್ಲಿ ಸುತ್ತುವುದು, ಬಿಡಿಸುವುದು. ಎಳೆದರೆ ಬಯ್ಯುತ್ತಿದ್ದ. “ಎತ್ತಿನ ಹಗ್ಗ ಅಲ್ಲ ಅದು. ಕೂಸಿನ ಬಾಯಿಂದ ನೂಲು ತಗದಂಗ ತಗೀಬೇಕು.” ನಾನೂ ಬಯ್ಯುತ್ತಿದ್ದೆ. ಜೊಲ್ಲು ಒರೆಸಿಕೊಂಡು ಮಾತಾಡು ಎಂದರೆ ಒರೆಸಿಕೊಂಡು ಮತ್ತೆ ಬಯ್ಯುತ್ತಿದ್ದ.

ಆರನೆಯ ದಿನ ಮುಂಜಾನೆ ಗಾಜು ಎತ್ತಿದೆವು. ನಾನು ಕಾರಿನೊಳಗೆ, ಅವನು ಹೊರಗೆ ಎಡ ಅಂಗೈ ಗಾಜಿಗೆ ಒತ್ತಿಕೊಂಡು. ನಮ್ಮಿಬ್ಬರ ನಡುವೆ ಆ ಒಂದೇ ಗಾಜು. ಕೆಳಗಿನ ನಡುವಿನಿಂದ ಹಗ್ಗ ಬಿಡಿಸುತ್ತಾ ಹೋದೆ. ಮೊದಲ ಮೂಲೆಯಲ್ಲಿ ‘ಟಕ್’ ಎಂದಿತು. ಹಗ್ಗ ಬಿಡಿಸುವುದನ್ನು ನಿಲ್ಲಿಸಿದೆ. ಅವನು ಗಾಜಿನ ಆಚೆಯಿಂದ ಕಣ್ಣಿನಲ್ಲೇ ‘ನಡಿ’ ಎಂದ. ಒಡೆದ ಸದ್ದಲ್ಲ ಅದು, ರಬ್ಬರಿನ ತುಟಿ ತಗಡಿಗೆ ಹತ್ತಿದ ಸದ್ದು. ನಾಲ್ಕು ಮೂಲೆಗೆ ನಾಲ್ಕು ಸಲ ಆ ಸದ್ದು ಕೇಳಿದೆ. ಹಗ್ಗದ ಕೊನೆ ಕೈಗೆ ಬಂದಾಗ ಗಾಜು ಕೂತಿತ್ತು. ಅವನು ಗಾಜಿನ ಮೇಲೆ ಬಿದ್ದ ಅಂಗೈ ಗುರುತನ್ನು ಅಂಗಿಯ ತುದಿಯಿಂದ ಒರೆಸಿದ.

ತಪ್ಪು ಮಾಡಿದ್ದು ಆಮೇಲೆ, ನಾನೇ. ಮಧ್ಯಾಹ್ನ ಮೇಸ್ತ್ರಿಗೆ ಅವನ ಮಗಳು ಗುಳಿಗೆ ಕೊಟ್ಟು ಮಲಗಿಸಿದ್ದಳು. ಉಳಿದದ್ದು ಹೊಳಪಿನ ಪಟ್ಟಿ. ಅದನ್ನು ರಬ್ಬರಿನ ಗೆರೆಯಲ್ಲಿ ಒತ್ತುತ್ತಾ ಹೋಗುವುದು, ಅಷ್ಟೇ. ಅದರಲ್ಲೇನಿದೆ ಎಂದುಕೊಂಡೆ. ಮಗ್ಗದ ಮೇಲೆ ನಲವತ್ತು ವರ್ಷ ಕೂತವಳು ನಾನು. ಹಾಸು ಸಡಿಲಾದರೆ ಸೀರೆ ಕೆಟ್ಟಿತು ಎಂದು ಕಲಿತ ಕೈ. ಪಟ್ಟಿಯನ್ನು ಹಾಸಿನ ಹಾಗೆ ಬಿಗಿಯಾಗಿ ಎಳೆದೆಳೆದು ಕೂರಿಸಿದೆ. ಕೆಳಗೆ ನಡುವೆ ತುದಿಗೆ ತುದಿ ಸೇರಿಸಿ ಚೊಕ್ಕಾಗಿ ಕತ್ತರಿಸಿದೆ. ಕೂದಲು ಸೇರದಷ್ಟು ಸಂದು. ನನಗೇ ಹೆಮ್ಮೆ ಎನಿಸಿತು.

ಮರುದಿನ ಬಿಸಿಲು ಏರಿತು. ಎಳೆದ ಪಟ್ಟಿ ತನ್ನ ಅಳತೆಗೆ ತಾನು ಹಿಂದೆ ಸರಿಯಿತು. ನಾಲ್ಕೂ ಮೂಲೆಯಲ್ಲಿ ಎದ್ದು ನಿಂತಿತ್ತು. ಕೆಳಗೆ ನಡುವೆ ಮೂರು ಬೆರಳಿನಷ್ಟು ಬಾಯಿ ಬಿಟ್ಟಿತ್ತು. ಕತ್ತರಿಸಿ ಒಗೆದ ತುಂಡು ಕಾಲಡಿ ಸಿಕ್ಕು ಸೀಳಿಹೋಗಿತ್ತು. ಇನ್ನೊಂದು ಸುರುಳಿ ಇರಲಿಲ್ಲ. ವಕೀಲರು ಬರಲು ಒಂದೇ ದಿನ.

ಮೇಸ್ತ್ರಿ ಬಂದು ನೋಡಿದ. ಬಗ್ಗಿ ಎಡಗೈಯಿಂದ ಸುತ್ತಲೂ ಮುಟ್ಟಿದ. ನಾನು ಸುಳ್ಳು ಹೇಳಲಿಲ್ಲ. “ನಾನ ಎಳದೆ. ಬಯ್ಯೂದಿದ್ರ ಬಯ್ಯಿ,” ಎಂದೆ.

“ನೀ ಎಳೀದಿದ್ರ ಮತ್ಯಾರ ಎಳೀತಾರ. ನೇಕಾರಾಕಿ,” ಎಂದ. ಕಲ್ಲಿನ ಮೇಲೆ ಕೂತ. “ಇದು ನೂಲಲ್ಲ ಯಕ್ಕಾ. ಎಳದ್ರ ಬಂದಂಗ ಮಾಡತೈತಿ, ಆಮ್ಯಾಲೆ ತನ್ನ ಮನಿಗೆ ತಾ ಹೋಗತೈತಿ. ಎಳೀಬ್ಯಾಡ, ಉಣಸು. ತುಸು ತುಸು. ಹಿಂದಕ್ಕ ದಬ್ಬಿ ದಬ್ಬಿ ಉಣಸು.”

“ಮೂರ ಬೆರಳ ಕಡಿಮಿ ಐತಲ್ಲ, ಅದಕ್ಕ ಏನ ಉಣಸ್ಲಿ?”

ಅವನು ಪಟ್ಟಿ ಪೂರ್ತಿ ಬಿಚ್ಚಿಸಿದ. ಮತ್ತೆ ಮೊದಲಿನಿಂದ, ಬೆರಳು ಬೆರಳು, ಹಿಂದಕ್ಕೆ ದಬ್ಬುತ್ತಾ ಕೂರಿಸಿದೆ. ಹೆಬ್ಬೆರಳಿನ ಚರ್ಮ ಸುಲಿಯಿತು. ಮೂಲೆಗಳು ಮಲಗಿದವು. ಕೆಳಗಿನ ಬಾಯಿ ಹಾಗೇ ಉಳಿಯಿತು. ಕಂಪನಿಯವರೂ ಆ ಜೋಡಿನ ಮೇಲೆ ಒಂದು ಸಣ್ಣ ಟೊಪ್ಪಿಗೆ ಹಾಕಿರುತ್ತಾರಂತೆ, ಈ ಕಾರಿನದು ಎಂದೋ ಕಳೆದಿತ್ತು. ಅಂಥದ್ದೇ ಒಂದನ್ನು, ತುಸು ಉದ್ದ, ನಾವೇ ಮಾಡಬೇಕು, ಬಗ್ಗುವ ತಗಡು ಬೇಕು, ತುಕ್ಕು ಹಿಡಿಯಬಾರದು ಎಂದ. ಗ್ಯಾರೇಜು ಪೂರ್ತಿ ಹುಡುಕಿದೆ. ಕೊನೆಗೆ ಮನೆಗೆ ಹೋಗಿ ಬಾಗಿಲ ಸಂದಿಯಿಂದ ಲಾಳಿ ಕಿತ್ತು ತಂದೆ. ಅದರ ತುದಿಗೆ ಹಿತ್ತಾಳೆಯ ಮೂತಿ ಇತ್ತು.

ಮೇಸ್ತ್ರಿ ಲಾಳಿಯನ್ನು ನೋಡಿದ, ನನ್ನನ್ನು ನೋಡಿದ. “ಖರೆ ಕೊಡ್ತೀ?”

“ಬಡಿ,” ಎಂದೆ.

ನಾನು ಇಕ್ಕಳದಲ್ಲಿ ಹಿಡಿದೆ, ಅವನು ಎಡಗೈಯಿಂದ ಸುತ್ತಿಗೆ ಹೊಡೆದ. ಎರಡು ಏಟು ನನ್ನ ಬೆರಳಿಗೆ ಬಿದ್ದವು. ಸಂಜೆಯ ಹೊತ್ತಿಗೆ ಹಿತ್ತಾಳೆಯ ಮೂತಿ ಚಪ್ಪಟೆಯಾಗಿ, ಮಡಚಿ, ಪಟ್ಟಿಯ ಎರಡು ತುದಿಯನ್ನೂ ಕಚ್ಚಿ ಕೂತಿತು.

ವಕೀಲರು ಬಂದಾಗ ಅವರ ಹೆಂಡತಿಯ ತಮ್ಮ ಮೊದಲು ಬಗ್ಗಿ ನೋಡಿದ್ದು ಅದನ್ನೇ.

“ಇದೇನ್ರಿ ಇದು? ಸುತ್ತಲೂ ಬೆಳ್ಳಿ, ನಡುವ ಹಿತ್ತಾಳಿ! ಜೋಡು ಎದ್ದ ಕಾಣತೈತಿ.”

ಮೇಸ್ತ್ರಿ ಬಾಯಿ ತೆರೆಯುವ ಮೊದಲು ನಾನೇ ಹೇಳಿದೆ. “ಕಾಣಲಿ. ನಿಮ್ಮ ಹೆಂಡತಿ ಇಳಕಲ್ ಸೀರಿ ಉಟ್ಟಾಗ ಒಡಲಿಗೆ ಸೆರಗು ಸೇರಿದಲ್ಲಿ ನೂಲಿನ ಕೊಂಡಿ ಕಾಣತಾವಲ್ಲ? ಅವು ಕಾಣದಿದ್ರ ಸೀರಿ ಖೊಟ್ಟಿ ಅಂತ ಅಂಗಡಿಗೆ ಒಯ್ದು ಒಗೀತೀರಿ. ಜೋಡು ಮುಚ್ಚೂದು ಕಳ್ಳರು. ನೀರು ಹಾಕಿ ನೋಡ್ರಿ, ಆಮ್ಯಾಲೆ ಮಾತಾಡ್ರಿ.”

ಕೊಡ ತಂದು ಕೈಗೆ ಕೊಟ್ಟೆ. ಅವನು ಗಾಜಿನ ಮೇಲೆ ನೀರು ಸುರಿದ. ಒಂದಲ್ಲ, ಐದು ಕೊಡ. ವಕೀಲರು ಒಳಗೆ ಕೂತು ಗಾಜಿನ ಕೆಳಗೆ ಸುತ್ತಲೂ ಬೆರಳು ಆಡಿಸಿದರು. ಹಿತ್ತಾಳೆಯ ಹಿಂದೆ ಎರಡು ಸಲ ಆಡಿಸಿದರು. ಮೇಸ್ತ್ರಿ ಬಾಗಿಲಿನ ಪಡಿ ಹಿಡಿದು ನಿಂತಿದ್ದ. ಬೆರಳನ್ನು ಹೊರಗೆ ಚಾಚಿ ತೋರಿಸಿದರು. ಒಣಗಿತ್ತು.

“ಇನ್ನೊಂದ ಕೊಡ ಹಾಕ್ತೀಯೇನ ತಮ್ಮಾ?” ಎಂದ ಮೇಸ್ತ್ರಿ. ಅವನು ಖಾಲಿ ಕೊಡ ಕೆಳಗಿಟ್ಟ. ವಕೀಲರು ತಾವೇ ಕಾರು ಹೊಡೆದುಕೊಂಡು ಹೋದರು. ಹಿತ್ತಾಳೆಯ ತುಂಡು ಬಿಸಿಲಿಗೆ ಹೊಳೆಯುವುದು ರಸ್ತೆಯ ತಿರುವಿನವರೆಗೂ ಕಾಣುತ್ತಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಅದು ಕಾರಿನ ಮುಂದೆ ಇತ್ತು, ನಾವು ಹಿಂದೆ ನಿಂತಿದ್ದೆವು.

ಮೇಸ್ತ್ರಿ ಆಮೇಲೆ ಎರಡು ವರ್ಷ ಬದುಕಿದ. ಕಲ್ಲಿನ ಮೇಲೆ ಕೂತು ಬಯ್ಯುತ್ತಿದ್ದ, ನಾನು ಮಾಡುತ್ತಿದ್ದೆ. ಬಾದಾಮಿಯಿಂದ ಒಂದು ಜೀಪು ಬಂತು, ಬಾಗಲಕೋಟೆಯಿಂದಲೂ ಎರಡು ಕಾರು ಬಂದವು. ಒಂದನ್ನು ಕಳಿಸಿದವನು ಆ ಅಂಗಡಿಯವನೇ. ಒಂದು ಮುಂಜಾನೆ ರೊಟ್ಟಿ ತಿನ್ನುತ್ತಾ ಕಲ್ಲಿಗೆ ಒರಗಿದವನು ಏಳಲಿಲ್ಲ. ಶಿರೂರಿಗೆ ಒಯ್ದು ಮಣ್ಣು ಮಾಡಿದರು. ನಾನೂ ಹೋಗಿದ್ದೆ. ಮೈ ತೊಳೆಯುವಾಗ ಮುಷ್ಟಿ ಬಿಡಿಸಿದರು. ಆ ಹೆಬ್ಬೆರಳು ಹಾಗೇ ಇತ್ತು, ಸೀಳಿನಲ್ಲಿ ಕರಿಗೆರೆಯೂ ಇತ್ತು. ಅಳು ಬರಲಿಲ್ಲ. ಅವನು ಇದ್ದಿದ್ದರೆ ಅಳು ಯಾತಕ್ಕೆ, ಹಗ್ಗ ತೊಳೆದಿಟ್ಟೆಯಾ ಎಂದು ಕೇಳುತ್ತಿದ್ದ.

ಮೂರನೆಯ ದಿನ ಅವನ ಮಗಳು ಕೀಲಿ ತಂದು ನನ್ನ ಕೈಯಲ್ಲಿಟ್ಟಳು. ಅಪ್ಪ ಮೊದಲೇ ಹೇಳಿದ್ದನಂತೆ. ನನಗೆ ಹೇಳಿರಲಿಲ್ಲ. ಅವನ ಅಭ್ಯಾಸವೇ ಅದು. ನನ್ನ ಕೈಗಳನ್ನು ನನ್ನನ್ನು ಕೇಳದೆಯೇ ಎಣಿಸಿಕೊಂಡವನು.

ಈಗಲೂ ಯಾರಾದರೂ ಮೊಬೈಲ್ ಹಿಡಿದುಕೊಂಡು ರಸ್ತೆಯಲ್ಲಿ ನಿಂತು ಕೇಳುತ್ತಾರೆ. ಮೊನ್ನೆಯೂ ಒಬ್ಬ ಬಂದಿದ್ದ. ಒಳಗೆ ಇಣುಕಿ, ಸೆರಗು ಸಿಗಿಸಿಕೊಂಡು ರಬ್ಬರು ಕಚ್ಚಿ ನೋಡುತ್ತಿದ್ದ ಮುದುಕಿಯನ್ನು ಬಿಟ್ಟರೆ ಯಾರೂ ಕಾಣದೆ, “ಮೇಸ್ತ್ರಿ ತೀರಿಕೊಂಡ್ರಂತಲ್ಲ. ಗ್ಯಾರೇಜು ಬಂದ್ ಆತೇನ್ರಿ?” ಎಂದ.

ರಬ್ಬರು ಉಗುಳಿ ಹೇಳಿದೆ: “ಮೇಸ್ತ್ರಿ ಹೋದ. ಬಾಗಲಾ ತಗದೈತಿ, ಕಣ್ಣ ಕಾಣೂದಿಲ್ಲೇನು? ಗಾಡಿ ಒಳಗ ತಗೊಂಡ ಬಾ.”