ಸಹಮ್ ಕಡಲತಡಿಯ ಅರವತ್ತಮೂರು ಮನೆ

ಆಸ್ವಾಲ್ಡ್ ಕ್ಯಾಸ್ತೆಲಿನೊ ನಕ್ಷೆ ಬರೆಯುವ ಕೆಲಸದವರು. ಊರು ಶಿರ್ವ. ಐಟಿಐ ಮಾಡಿ, ಬೊಂಬಾಯಿಯಲ್ಲಿ ಆರು ವರ್ಷ ಕಂಡವರ ಕಟ್ಟಡಕ್ಕೆ ಗೆರೆ ಎಳೆದು, ಎಪ್ಪತ್ತೊಂಬತ್ತರಲ್ಲಿ ಮಸ್ಕತ್‌ಗೆ ಹೋದರು. ಕೈ ಬಹಳ ಗಟ್ಟಿ. ಓಡುವ ಬಸ್ಸಿನಲ್ಲಿ ನಿಂತು ಪೋಸ್ಟ್‌ಕಾರ್ಡ್ ಬರೆದರೂ ಒಂದಕ್ಷರ ಅಲುಗುತ್ತಿರಲಿಲ್ಲ. ಮಾತು ಕಡಿಮೆ. ಮದುವೆಯಾದ ಮೊದಲ ತಿಂಗಳು, ತಾನು ಇವರಿಗೆ ಹಿಡಿಸಲಿಲ್ಲವೋ ಏನೋ ಎಂದೇ ಆಗ್ನೆಸ್ ತಿಳಿದಿದ್ದಳು.

ಆಗ್ನೆಸ್ ಮಲ್ಪೆ ಹತ್ತಿರದ ತೊಟ್ಟಂನವಳು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ತವರುಮನೆ ಮರಳಿನ ಮೇಲೆ, ಹಿತ್ತಿಲ ಬಾಗಿಲು ತೆಗೆದರೆ ಕಡಲು. ಎಂಬತ್ತೆರಡರಲ್ಲಿ ಅವಳಿಗೆ ಫ್ಯಾಮಿಲಿ ವೀಸಾ ಆಯಿತು. ಮಸ್ಕತ್‌ನ ರುವಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ಮಕ್ಕಳಾಗಲಿಲ್ಲ. ಅದರ ಬಗ್ಗೆ ಇಬ್ಬರೂ ಮಾತಾಡುತ್ತಿರಲಿಲ್ಲ.

ಆಸ್ವಾಲ್ಡ್‌ರ ಆಫೀಸು ಅದೇ ಮಸ್ಕತ್‌ನ ಘಾಲಾದಲ್ಲಿ, ಎರಡು ಗ್ಯಾರೇಜುಗಳ ನಡುವೆ. ಒಮಾನ್ ಸರಕಾರಕ್ಕೆ ಹೊಸ ನಕ್ಷೆ ಮಾಡಿಕೊಡುವ ಕಂಪೆನಿ. ಹಳೇ ನಕ್ಷೆಗಳೆಲ್ಲ ಇಂಗ್ಲಿಷರ ಸೈನ್ಯದವು. ಅವರು ಒಮಾನನ್ನು ಆಳುತ್ತೇವೆ ಎಂದು ಬಾಯಿಬಿಟ್ಟು ಹೇಳಿದವರಲ್ಲ, ಆದರೆ ನಕ್ಷೆ ಮಾತ್ರ ಅವರೇ ಮಾಡಿದ್ದು. ಅದರಲ್ಲಿ ಬೆಟ್ಟ ಉಂಟು, ಬಾವಿ ಉಂಟು, ಕೋಟೆ ಉಂಟು. ಜನ ಮಾತ್ರ ಕಡಿಮೆ. ಸೈನ್ಯಕ್ಕೆ ನೀರು ಎಲ್ಲಿ ಸಿಗುತ್ತದೆ, ಜೀಪು ಎಲ್ಲಿ ಹೋಗುತ್ತದೆ ಎನ್ನುವುದು ಗೊತ್ತಾದರೆ ಸಾಕಿತ್ತು. ಈಗಿನ ಸರಕಾರಕ್ಕೆ ಅದು ಸಾಲದು. ದೇಶವನ್ನು ವಿಲಾಯತ್‌ಗಳಾಗಿ ಹಂಚಿದ್ದಾರೆ. ಒಂದೊಂದಕ್ಕೂ ಒಬ್ಬ ವಾಲಿ, ನಮ್ಮ ತಹಶೀಲ್ದಾರನ ಹಾಗೆ. ಯಾವ ವಾಲಿಯ ಕೆಳಗೆ ಎಷ್ಟು ಊರು, ಎಷ್ಟು ಮನೆ ಎಂದು ತಿಳಿದರೆ ತಾನೇ ಕರೆಂಟು, ನೀರು, ಶಾಲೆ?

ವಿಮಾನದಿಂದ ತೆಗೆದ ಫೋಟೊ ಬರುತ್ತಿತ್ತು. ಅದನ್ನು ಹಿಡಿದುಕೊಂಡು ಆಸ್ವಾಲ್ಡ್ ಊರೂರು ಹೋಗಬೇಕು. ಊರಿನ ಹೆಸರು ಕೇಳಿ ಬರೆಯಬೇಕು, ಮನೆ ಎಣಿಸಬೇಕು. ಜನ ಇರುವ ಮನೆಗೆ ತುಂಬಿದ ಕರಿ ಚೌಕ. ಪಾಳು ಬಿದ್ದದ್ದಕ್ಕೆ ಖಾಲಿ ಚೌಕ. ಅನುಮಾನ ಬಂದರೆ ಮೂರು ಸಲ ಹೋಗಬೇಕು. ಮೂರು ಸಲವೂ ಹೊಗೆ ಇಲ್ಲ, ನೀರಿಲ್ಲ, ಆಡು ಇಲ್ಲ ಎಂದಾದರೆ ಖಾಲಿ ಎಂದು ಬರೆಯಬಹುದು. ಅದು ಆಫೀಸಿನ ರೂಲು.

ಜೊತೆಗೆ ಡ್ರೈವರ್ ಮಮ್ಮದ್, ಉಳ್ಳಾಲದ ಬ್ಯಾರಿ. ಅರಬಿ ಮಾತಾಡುವುದೂ ಅವನೇ. ದಾರಿಯುದ್ದಕ್ಕೂ ಅವನ ಬಾಯಿ ನಿಲ್ಲುತ್ತಿರಲಿಲ್ಲ. ಊರಿನ ವಾಡಿಕೆಯಂತೆ ಆಸ್ವಾಲ್ಡ್‌ರಿಗೆ ಪೊರ್ಬುಗಳು, ಆಗ್ನೆಸ್‌ಗೆ ಬಾಯಮ್ಮ ಎನ್ನುತ್ತಿದ್ದ.

"ಬಾಯಮ್ಮ, ನಿಮ್ಮ ಪೊರ್ಬುಗಳು ಇವತ್ತು ನನ್ನತ್ರ ಎರಡು ಮಾತಾಡಿದ್ರು," ಎಂದು ಮನೆಗೆ ಬಂದು ವರದಿ ಒಪ್ಪಿಸುತ್ತಿದ್ದ. "ಬೆಳಿಗ್ಗೆ 'ಯಲ್ಲಾ', ಹೊರಡುವ ಅಂತ. ಸಂಜೆ 'ಖಲಾಸ್'."

"ನಿಮಗೆ ಎರಡಾದ್ರೂ ಸಿಕ್ಕಿತಲ್ಲ," ಎಂದಳು ಆಗ್ನೆಸ್.

ಎಂಬತ್ತೈದರ ಜುಲೈಯಲ್ಲಿ ಸಹಮ್‌ನ ಸರದಿ ಬಂತು. ಅದು ಬಾತಿನಾ ಕರಾವಳಿ. ಮೊದಲು ಕಡಲು, ಆಮೇಲೆ ಮರಳು, ಆಮೇಲೆ ಖರ್ಜೂರದ ತೋಟದ ಉದ್ದ ಪಟ್ಟಿ, ಅದರ ಆಚೆ ಕಲ್ಲುನೆಲ, ಕೊನೆಗೆ ಬೆಟ್ಟ. ಸಹಮ್‌ನಿಂದ ಉತ್ತರಕ್ಕೆ, ಮರಳಿನ ಮೇಲೆ ಖರ್ಜೂರದ ಗರಿ ಕಟ್ಟಿ ಮಾಡಿದ ಅರವತ್ತಮೂರು ಮನೆ. ಆಸ್ವಾಲ್ಡ್ ಮೂರು ಸಲ ಹೋದರು. ಮೂರು ಸಲವೂ ಒಂದು ನರಪಿಳ್ಳೆಯೂ ಕಾಣಲಿಲ್ಲ. ಕೆಲವು ಮನೆಗೆ ಬಾಗಿಲೇ ಇಲ್ಲ. ಹೆಸರು ಕೇಳೋಣವೆಂದರೆ ಜನವಿಲ್ಲ. ಅರವತ್ತಮೂರು ಖಾಲಿ ಚೌಕ ಹಾಕಿ, ಸಹಿ ಮಾಡಿ ಕೊಟ್ಟರು.

ಆ ಡಿಸೆಂಬರಿನಲ್ಲಿ, ಕ್ರಿಸ್ಮಸ್ಸಿಗೆ ಮುಂಚಿನ ಶುಕ್ರವಾರದ ರಜೆಗೆ, ಇಬ್ಬರೂ ಮಮ್ಮದ್‌ನ ಗಾಡಿಯಲ್ಲಿ ಹಿಂದಿನ ಸಂಜೆಯೇ ಸಹಮ್‌ಗೆ ಹೋದರು. ಆಗ್ನೆಸ್‌ಳ ಚಿಕ್ಕಮ್ಮನ ಮಗಳು ಐಡಾ ಅಲ್ಲಿದ್ದಳು, ಅವಳ ಗಂಡನಿಗೆ ಅಲ್ಲೊಂದು ಅಂಗಡಿಯಲ್ಲಿ ಕೆಲಸ. ಬೆಳಿಗ್ಗೆ ತಾಜಾ ಮೀನು ತರುವ ಎಂದು ಆಗ್ನೆಸ್ ಗಂಡನನ್ನು ಎಬ್ಬಿಸಿಕೊಂಡು ಕಡಲಿಗೆ ನಡೆದಳು. ಮಮ್ಮದ್ ಹಿಂದಿನಿಂದ ಗಾಡಿ ತಂದ.

ಮರಳಿನ ಮೇಲೆಲ್ಲ ಬೂತಾಯಿ ಮೀನು ಒಣಹಾಕಿದ್ದರು. ಆ ವಾಸನೆಗೆ ಆಗ್ನೆಸ್‌ಗೆ ತವರುಮನೆ ಕಣ್ಣಿಗೆ ಕಟ್ಟಿತು. ಹೆಂಗಸರು ಮೀನು ಮಗುಚುತ್ತಿದ್ದರು. ಗಂಡಸರು ಬಲೆ ಹೊಲಿಯುತ್ತಿದ್ದರು. ಮನೆಮನೆಯಲ್ಲೂ ಹೊಗೆ. ಅವಳು ಮೀನು ಆರಿಸಿ ತಿರುಗಿ ನೋಡಿದರೆ ಆಸ್ವಾಲ್ಡ್ ನಿಂತಲ್ಲೇ ನಿಂತಿದ್ದಾರೆ. ಬೆರಳು ಮಡಚಿ ಮನೆ ಎಣಿಸುತ್ತಿದ್ದಾರೆ.

"ಎಂತ ಆಯ್ತು?"

"ಇದು ಖಾಲಿ ಊರು," ಎಂದರು. "ನಾನೇ ಬರೆದದ್ದು."

ಮಮ್ಮದ್ ಒಬ್ಬ ಹೆಂಗಸನ್ನು ಕೇಳಿದ. ಅವಳು ಇವನಿಗೆ ತಲೆ ಸರಿ ಇಲ್ಲವೋ ಎನ್ನುವ ಹಾಗೆ ನೋಡಿ ಹೇಳಿದಳು. ಬೇಸಿಗೆಗೆ ಅವರೆಲ್ಲ ಒಳಗೆ ತೋಟಕ್ಕೆ ಹೋಗುತ್ತಾರೆ. ಖರ್ಜೂರ ಹಣ್ಣಾಗುವ ಕಾಲ. ಅಲ್ಲಿ ನೆರಳು, ಸಿಹಿ ನೀರು. ಆಡು, ಕೋಳಿ, ಬಾಗಿಲು ಸಮೇತ ಕಟ್ಟಿಕೊಂಡು ಹೋಗಿ, ಚಳಿಗೆ ಮೀನು ಬರುವಾಗ ವಾಪಸು. ಅಜ್ಜನ ಕಾಲದಿಂದ ಹಾಗೆಯೇ.

ಶಿರ್ವ ಗದ್ದೆಯ ಊರು. ಮನೆ ಎಂದರೆ ವರ್ಷವಿಡೀ ಒಲೆ ಉರಿಯುವ ಜಾಗ ಎಂದೇ ಅಲ್ಲಿಯವರ ಲೆಕ್ಕ. ಆಗ್ನೆಸ್ ಹೇಳಿಬಿಟ್ಟಳು: "ಮಳೆಗಾಲದಲ್ಲಿ ತೊಟ್ಟಂಗೆ ಬಂದು ದೋಣಿ ಇಲ್ಲ ಅಂತ ಬರೆದ ಹಾಗಾಯ್ತು. ನನ್ನನ್ನು ಒಂದು ಮಾತು ಕೇಳಬಾರದಿತ್ತಾ?"

ಆಸ್ವಾಲ್ಡ್ ಮೀನಿನ ಚೀಲ ತೆಗೆದುಕೊಂಡು ಗಾಡಿಗೆ ನಡೆದರು.

ವಿಷಯ ಸಣ್ಣದಲ್ಲ. ಆ ಹಾಳೆ ಅಚ್ಚಿಗೆ ಹೋಗುವುದರಲ್ಲಿತ್ತು. ಅದನ್ನು ನೋಡಿಯೇ ಕರೆಂಟು ಕಂಬದ ಪಟ್ಟಿ, ನೀರಿನ ಪಟ್ಟಿ. ಖಾಲಿ ಎಂದು ಬರೆದ ಜಾಗವನ್ನು ನಾಳೆ ಯಾರಿಗಾದರೂ ಕೊಟ್ಟರೂ ಕೇಳುವವರಿಲ್ಲ. ಇತ್ತ ಮಾರ್ಚಿಗೆ ಆಸ್ವಾಲ್ಡ್‌ರ ವೀಸಾ ಮುಗಿಯುತ್ತದೆ. ಹೊಸತು ಮಾಡಿಸಬೇಕಾದ ಕಫೀಲ್, ಅಂದರೆ ವೀಸಾದ ಜಾಮೀನುದಾರ, ಕಂಪೆನಿಯೇ.

ರುವಿಗೆ ಬಂದ ಮೇಲೆ ಆಗ್ನೆಸ್, "ಸುಮ್ಮನಿರಿ," ಎಂದಳು. "ಮೂರು ಸಲ ಹೋಗಿದ್ದೀರಿ. ರೂಲು ತಪ್ಪಿಲ್ಲ. ನಾವು ಯಾವ ಊರಿನವರು, ಅವರು ಯಾವ ಊರಿನವರು? ಅವರ ವಾಲಿ ಇದ್ದಾನೆ, ನೋಡಿಕೊಳ್ತಾನೆ."

"ವಾಲಿ ನೋಡುವುದು ನನ್ನ ನಕ್ಷೆ ಅಲ್ವಾ," ಎಂದರು ಆಸ್ವಾಲ್ಡ್.

"ಕೆಲಸ ಹೋದ್ರೆ?"

"ಹೋದ್ರೆ ಹೋಯ್ತು."

"ನಿಮಗೆ ಹೇಳಲಿಕ್ಕೆ ಸುಲಭ." ಆ ರಾತ್ರಿ ಅವಳು ಊಟ ಬಡಿಸಿದಳು, ಮಾತಾಡಿಸಲಿಲ್ಲ. ಮರುದಿನವೂ ಇಲ್ಲ.

ಆಫೀಸಿನ ದೊಡ್ಡವನು ಇಂಗ್ಲಿಷಿನವನು, ಸೈನ್ಯದಲ್ಲಿ ಸರ್ವೆ ಮಾಡಿ ರಿಟೈರ್ ಆದವನು. ಕೆಟ್ಟ ಮನುಷ್ಯನೇನಲ್ಲ. ಆಸ್ವಾಲ್ಡ್ ಹೇಳಿದ್ದನ್ನೆಲ್ಲ ಕೇಳಿಸಿಕೊಂಡ. ಫೀಲ್ಡ್ ಬುಕ್ಕು ತೆರೆದು ಮೂರು ತಾರೀಕೂ ನೋಡಿದ. ನಿನ್ನ ಕೆಲಸದಲ್ಲಿ ತಪ್ಪಿಲ್ಲ, ಮುಂದಿನ ಸಲ ನಕ್ಷೆ ಮಾಡುವಾಗ ಸರಿ ಮಾಡೋಣ ಎಂದ. ಮುಂದಿನ ಸಲ ಎಂದರೆ ಹತ್ತು ವರ್ಷ. ಈಗ ತಿದ್ದಿದರೆ ಸರಕಾರಕ್ಕೆ ಬರೆದು ಕೊಡಬೇಕು, ಕರಾವಳಿಯ ಉಳಿದ ಹಾಳೆಗಳನ್ನೂ ಮತ್ತೆ ನೋಡಬೇಕಾಗುತ್ತದೆ, ಕಂಪೆನಿಯ ಹೆಸರು ಹೋಗುತ್ತದೆ.

ಆಸ್ವಾಲ್ಡ್ "ಸರಿ ಸರ್" ಎಂದು ಹೊರಗೆ ಬಂದರು. ಗುರುವಾರದಿಂದ ಶನಿವಾರದವರೆಗೆ ರಜೆ ಹಾಕಿ ಮಮ್ಮದ್‌ನನ್ನು ಕರೆದುಕೊಂಡು ಸಹಮ್‌ಗೆ ಹೋದರು. ಮಮ್ಮದ್ ತನ್ನ ನೆಂಟನ ಪಿಕಪ್ ತಂದಿದ್ದ. ಕಂಪೆನಿ ಗಾಡಿ ಒಯ್ದು ತನ್ನ ಹೊಟ್ಟೆಗೂ ಕಲ್ಲು ಹಾಕಿಕೊಳ್ಳುವಷ್ಟು ಪೊರ್ಬುಗಳ ಮೇಲೆ ಪ್ರೀತಿ ಇಲ್ಲ ಎಂದ.

ಆಗ್ನೆಸ್‌ಗೆ ಎಲ್ಲ ಆಮೇಲೆ ತಿಳಿದದ್ದು, ಮಮ್ಮದ್‌ನ ಬಾಯಿಂದ. ಆ ಕೇರಿಯ ಹಿರಿಯ ಖಲ್ಫಾನ್ ಎಂಬ ಮುದುಕ. ವಿಷಯ ಕೇಳಿ ಗಡ್ಡ ನೀವಿಕೊಂಡನಂತೆ.

"ಅಂದ್ರೆ ಸರಕಾರದ ಲೆಕ್ಕದಲ್ಲಿ ನಾನು ಸತ್ತಿದ್ದೇನೆ?"

"ಹೌದು," ಎಂದರು ಆಸ್ವಾಲ್ಡ್.

"ನನ್ನ ಹೆಂಡತಿಯೂ?"

"ಅರವತ್ತಮೂರು ಮನೆಯೂ."

"ಅವಳಿಗೆ ಹೇಳಬೇಡ. ಗೊತ್ತಾದ್ರೆ ಇವತ್ತು ಅಡುಗೆ ಮಾಡಲಿಕ್ಕಿಲ್ಲ," ಎಂದು ಮುದುಕ ಕಾಫಿ ಬಗ್ಗಿಸಿದ. "ಕುಡಿ. ಕೊಂದವನೇ ಬದುಕಿಸಲಿಕ್ಕೆ ಬಂದದ್ದು ಇದೇ ಮೊದಲು ನೋಡಿದ್ದು."

ವಾಲಿ ಬೆಳಿಗ್ಗೆ ಹೊತ್ತು ಎಲ್ಲರ ದೂರು ಕೇಳುತ್ತಾನೆ. ಯಾರೂ ಹೋಗಬಹುದು. ಶನಿವಾರ ಮೂವರೂ ಹೋಗಿ ಕೂತರು. ಆಸ್ವಾಲ್ಡ್ ಕೈಬರಹದಲ್ಲಿ ಒಂದು ಕಾಗದ ಮಾಡಿದ್ದರು: ಇಂಥ ಜಾಗ, ಇಷ್ಟು ಮನೆ, ಚಳಿಗಾಲದಲ್ಲಿ ಇಲ್ಲಿ, ಬೇಸಿಗೆಯಲ್ಲಿ ಇಂಥ ತೋಟದಲ್ಲಿ. ಖಾಲಿ ಎಂದು ಬರೆದದ್ದು ನನ್ನ ತಪ್ಪು. ಕೆಳಗೆ ಅವರ ಸಹಿ, ಖಲ್ಫಾನನ ಹೆಬ್ಬೆಟ್ಟು. ವಾಲಿ ಓದಿಸಿ ಕೇಳಿದ. ನಿನಗೆ ಇದನ್ನು ಬರೆಯಲು ಕಂಪೆನಿ ಹೇಳಿತಾ ಎಂದ. ಇಲ್ಲ ಎಂದರು. ಮತ್ತೇನೂ ಕೇಳದೆ ಮೊಹರು ಹಾಕಿಸಿದ.

ವಾಲಿಯ ಮೊಹರು ಬಿದ್ದ ಮೇಲೆ ಕಂಪೆನಿಗೆ ಬೇರೆ ದಾರಿ ಇರಲಿಲ್ಲ. ಹಾಳೆ ನಿಲ್ಲಿಸಿದರು. ಜನವರಿಯಲ್ಲಿ ಆಸ್ವಾಲ್ಡ್ ತಾವೇ ಕೂತು ಒಂದೊಂದೇ ಚೌಕಕ್ಕೆ ಶಾಯಿ ತುಂಬಿದರು. ಫೆಬ್ರವರಿಯಲ್ಲಿ ಕಾಗದ ಬಂತು. ಕಾಂಟ್ರಾಕ್ಟ್ ಮುಂದುವರಿಸುವುದಿಲ್ಲ. ಬೇರೆ ಕಡೆ ಸೇರಲು ಬಿಡುಗಡೆ ಪತ್ರವನ್ನೂ ಕೊಡಲಿಲ್ಲ. ಅದಿಲ್ಲದವರು ಎರಡು ವರ್ಷ ಒಮಾನಿನೊಳಗೆ ಕಾಲಿಡುವ ಹಾಗಿಲ್ಲ.

ಶಿರ್ವದಲ್ಲಿ ಆ ಎರಡು ವರ್ಷ ಕಷ್ಟದ್ದೇ. ಗಲ್ಫಿನಿಂದ ಅರ್ಧಕ್ಕೆ ಬಂದವನೆಂದರೆ ಜನಕ್ಕೆ ಬಾಯಿಗೆ ಒಂದು ವಸ್ತು. ಕುಡಿದು ಸಿಕ್ಕಿಬಿದ್ದನಂತೆ ಎಂದು ಯಾರೋ ಹಬ್ಬಿಸಿದರು. ಆಗ್ನೆಸ್ ಸಿಟ್ಟನ್ನೆಲ್ಲ ಗಂಡನ ಮೇಲೆ ತೀರಿಸಿದಳು. "ಅರವತ್ತಮೂರು ಮನೆಗೆ ದೀಪ ಹಚ್ಚಲಿಕ್ಕೆ ಹೋಗಿ ನಮ್ಮದು ಆರಿಸಿದ್ರಿ," ಎಂದಳು ಒಂದು ದಿನ. ಅವರು ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ಕುಂಚವನ್ನು ಮತ್ತೆ ಸುಣ್ಣಕ್ಕೆ ಅದ್ದಿದರು.

ಎಂಬತ್ತೇಳರಲ್ಲಿ ಮಮ್ಮದ್ ಕಾಗದ ಬರೆದ. ಹಾಳೆ ಅಚ್ಚಾಗಿದೆ, ಎಲ್ಲ ಕರಿ ಚೌಕ, ಊರಿನ ಹೆಸರೂ ಇದೆ ಎಂದು. ಆಸ್ವಾಲ್ಡ್ ಎರಡು ಸಲ ಓದಿದರು. "ಹೆಸರು ನೀರಿನ ಮೇಲೆ ಹಾಕಿದ್ದಾರಾ, ನೆಲದ ಮೇಲೆ ಹಾಕಿದ್ದಾರಾ, ಅದನ್ನು ಬರೀಲಿಲ್ಲ ಈ ಬ್ಯಾರಿ," ಎಂದರು. ಕಡಲತಡಿಯ ಊರಿನ ಹೆಸರನ್ನು ನೀರಿನ ಕಡೆ ಬರೆಯಬೇಕು. ನೆಲದ ಮೇಲೆ ಬರೆದರೆ ಮನೆಗಳು ಮುಚ್ಚಿಹೋಗುತ್ತವೆ. ಆ ದಿನವೆಲ್ಲ ಅದೇ ಚಿಂತೆ.

ಎಂಬತ್ತೆಂಟರಲ್ಲಿ ಬುರೈಮಿಯ ಒಂದು ಕಟ್ಟಡ ಕಂಪೆನಿಗೆ ವೀಸಾ ಸಿಕ್ಕಿತು. ಇಬ್ಬರೂ ಹೋದರು. ಗಡಿಯ ಊರು. ರಸ್ತೆಯ ಈಚೆ ಒಮಾನ್, ಆಚೆ ಅಲ್ ಐನ್. ಸಂಬಳ ಮೊದಲಿನದಕ್ಕಿಂತ ಕಡಿಮೆ. ಅಂಗಡಿ, ಗೋದಾಮುಗಳಿಗೆ ಪ್ಲಾನ್ ಬರೆಯುತ್ತಾ ಎಂಟು ವರ್ಷ ಕಳೆದರು. ತೊಂಬತ್ತಮೂರರಲ್ಲಿ ಜನಗಣತಿಯವರು ಮನೆಗೆ ಬಂದಾಗ ಅವರನ್ನು ಅರ್ಧ ಗಂಟೆ ಕೂರಿಸಿ, ಬೇಸಿಗೆಯಲ್ಲಿ ಎಣಿಸುತ್ತೀರಾ, ಚಳಿಯಲ್ಲಿ ಎಣಿಸುತ್ತೀರಾ ಎಂದೆಲ್ಲ ವಿಚಾರಿಸಿದರು. ಆಗ್ನೆಸ್‌ಗೆ ಗೊತ್ತಿರುವಂತೆ ಪರರೊಡನೆ ಅವರು ಅಷ್ಟು ಮಾತಾಡಿದ್ದು ಅದೊಂದೇ ಸಲ.

ತೊಂಬತ್ತಾರರ ಜುಲೈಯಲ್ಲಿ, ಡ್ರಾಯಿಂಗ್ ಬೋರ್ಡಿನ ಮುಂದೆಯೇ, ಎದೆ ಹಿಡಿದುಕೊಂಡು ಹೋದರು. ಐವತ್ತೊಂದು ವರ್ಷ.

ಊರಿಗೆ ಒಯ್ಯಲು ಹೆಣವನ್ನು ಆಂಬುಲೆನ್ಸಿನಲ್ಲಿ ಮಸ್ಕತ್‌ಗೆ ಮುಂದೆ ಕಳಿಸಿದರು. ಆಗ್ನೆಸ್‌ಳನ್ನು ಕರೆದೊಯ್ಯಲು ಮಮ್ಮದ್ ಬಂದ. ಅವನ ಗಡ್ಡ ಬೆಳ್ಳಗಾಗಿತ್ತು. ಬೆಟ್ಟ ಇಳಿದು ಕರಾವಳಿಯ ರಸ್ತೆಗೆ ಬಂದರು. ಸಹಮ್ ಹತ್ತಿರ ಬಂದಾಗ ಗಾಡಿ ನಿಧಾನ ಮಾಡಿದ.

"ಬಾಯಮ್ಮ, ಒಮ್ಮೆ ತಿರುಗಿಸ್ಲಾ?"

"ಫ್ಲೈಟಿಗೆ ಹೊತ್ತುಂಟಾ?"

"ಉಂಟು."

"ಹಾಗಾದ್ರೆ ತಿರುಗಿಸಿ."

ಸುಡುವ ಮಧ್ಯಾಹ್ನ. ಕೇರಿ ಖಾಲಿ ಇರುತ್ತದೆ ಎಂದೇ ಅವಳು ತಿಳಿದಿದ್ದಳು. ಇರಲಿಲ್ಲ. ಗರಿಯ ಮನೆಗಳ ಜಾಗದಲ್ಲಿ ಸಿಮೆಂಟಿನ ಮನೆ. ಸಾಲಾಗಿ ಕಂಬ. ಮನೆಮನೆಯಲ್ಲೂ ಏಸಿ ಗುಂಯ್ಗುಡುತ್ತಿತ್ತು. ಬಾಗಿಲ ಹೊರಗೆ ಚಪ್ಪಲಿಗಳ ರಾಶಿ. ಕರೆಂಟು ಬಂದ ಮೇಲೆ ಬೇಸಿಗೆಗೆ ತೋಟಕ್ಕೆ ಹೋಗುವುದನ್ನೇ ಬಿಟ್ಟಿದ್ದಾರೆ ಎಂದ ಮಮ್ಮದ್. ಖಲ್ಫಾನ್ ಸತ್ತು ನಾಲ್ಕು ವರ್ಷವಾಗಿತ್ತು.

ಒಬ್ಬ ಹುಡುಗಿ ಬಾಗಿಲು ತೆರೆದು ಇವಳ ಕಪ್ಪು ಸೀರೆ ನೋಡಿ ಒಳಗೆ ಹೋದಳು. ಅವಳ ತಾಯಿ ತಣ್ಣೀರು ತಂದುಕೊಟ್ಟಳು. ಯಾರು, ಎಲ್ಲಿಂದ ಎಂದು ಕೇಳಿದಳು. ಮಮ್ಮದ್ ಆಸ್ವಾಲ್ಡ್‌ರ ಹೆಸರು ಹೇಳಿದ. ಅವಳಿಗೆ ಗೊತ್ತಿರಲಿಲ್ಲ. ನಕ್ಷೆಯ ಗಲಾಟೆಯೆಲ್ಲ ಮುಗಿದ ಮೇಲೆ ಮದುವೆಯಾಗಿ ಬಂದವಳು.

"ಪೂರಾ ಹೇಳ್ಲಾ?" ಎಂದು ಮಮ್ಮದ್ ಕೇಳಿದ.

"ಬೇಡ," ಎಂದಳು ಆಗ್ನೆಸ್.

ಹತ್ತು ವರ್ಷದಲ್ಲಿ ನೀವು ಮಾಡಿದ್ದು ಸರಿ ಎಂದು ಅವಳು ಗಂಡನಿಗೆ ಒಂದು ಸಲವೂ ಹೇಳಿರಲಿಲ್ಲ. ಹೇಳಬೇಕಾದವರು ಆಂಬುಲೆನ್ಸಿನಲ್ಲಿ ಮುಂದೆ ಹೋಗಿದ್ದರು. ಅವಳು ಲೋಟ ಖಾಲಿ ಮಾಡಿ ಹಿಂದೆ ಕೊಟ್ಟು ಗಾಡಿ ಹತ್ತಿದಳು.