ಗೆರೆ ಎಲ್ಲಿ ಹಾಕಬೇಕು

ವಿದ್ಯುತ್ ಲೈನಿನ ಮೇಲೆ ಕಣ್ಣಿಡುವ ಡಬ್ಬಿಯೊಂದನ್ನು ಹೆಗಲಿಗೆ ನೇತುಹಾಕಿಕೊಂಡು ಕಾರ್ಖಾನೆಯಿಂದ ಕಾರ್ಖಾನೆಗೆ ಅಲೆಯುವ ಈ ಮನುಷ್ಯನಿಗೆ ಜೊತೆಗಾರರು ಇಟ್ಟ ಹೆಸರು ‘ಗೆರೆಯಣ್ಣ’. ವೋಲ್ಟೇಜು ಯಾವ ಗೆರೆ ದಾಟಿದರೆ ಡಬ್ಬಿ ಅದನ್ನು ‘ಘಟನೆ’ ಎಂದು ದಾಖಲಿಸಬೇಕು ಎಂದು ಗೊತ್ತುಮಾಡುವುದೇ ಅವನ ಕೆಲಸ. ಗೆರೆ ತೀರಾ ಹತ್ತಿರವಾದರೆ ಪಕ್ಕದ ಕೋಣೆಯಲ್ಲಿ ಮೋಟಾರು ಹಾಕಿದ್ದೂ ಘಟನೆಯೇ. ತೀರಾ ದೂರವಾದರೆ ಯಂತ್ರ ಸುಟ್ಟು ಕರಕಲಾದರೂ ಡಬ್ಬಿ ತೆಪ್ಪಗಿರುತ್ತದೆ. ಹೆಂಡತಿಯ ವಿಷಯದಲ್ಲಿ ಈ ಗೆರೆ ಎಲ್ಲಿದೆಯೆಂದು ತನಗಿನ್ನೂ ಪತ್ತೆಯಾಗಿಲ್ಲ ಎಂದು ಅವನೇ ಹೇಳಿಕೊಂಡು ನಗುತ್ತಾನೆ.

ಆ ಸಲ ಅವನನ್ನು ಕರೆಸಿದ್ದು ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಗೆ. ಬಿಸಿ ಅಂಟು ಹಚ್ಚುವ ಯಂತ್ರ ದಿನಕ್ಕೆರಡು ಸಲ ಇದ್ದಕ್ಕಿದ್ದಂತೆ ನಿಲ್ಲುತ್ತಿತ್ತು. ಅದನ್ನು ನಡೆಸುತ್ತಿದ್ದವಳು ಅವನ ಒಡಹುಟ್ಟಿದ ಅಕ್ಕ. ಯಜಮಾನರಿಗೆ ಈ ನಂಟು ಗೊತ್ತಿರಲಿಲ್ಲ. ಕರೆಂಟು ಕೈಕೊಡುತ್ತಿದೆ ಎಂದು ಅಕ್ಕ, ನೀನೇ ನಿಲ್ಲಿಸುತ್ತಿದ್ದೀಯ ಎಂದು ಯಜಮಾನರು. ಕರೆಂಟು ಸರಿಯಿದೆ ಎಂದು ಡಬ್ಬಿ ಹೇಳಿದರೆ ಅವಳ ಕೆಲಸ ಹೋದಂತೆಯೇ.

ಇನ್ನೂರ ಮೂವತ್ತರ ಆಸುಪಾಸಿನಲ್ಲಿರಬೇಕಾದ ವೋಲ್ಟೇಜು ಇನ್ನೂರ ಏಳಕ್ಕಿಂತ ಕೆಳಗಿಳಿದರೆ ಘಟನೆ ಎಂದು ಅವನು ಗೆರೆ ಹಾಕಿದ. ಎಲ್ಲ ಕಡೆಯೂ ಅವನು ಹಾಕುವುದು ಅದನ್ನೇ. ಮರುದಿನ ಮಧ್ಯಾಹ್ನ ಬಂದು ನೋಡಿದರೆ ಯಂತ್ರವೇನೋ ನಿಂತಿತ್ತು, ಡಬ್ಬಿಯಲ್ಲಿ ಮಾತ್ರ ಒಂದೂ ಘಟನೆಯಿಲ್ಲ.

ಅಕ್ಕ ಮೆಲ್ಲಗೆ ಪಕ್ಕಕ್ಕೆ ಬಂದಳು. “ಲೋ, ಆ ಗೆರೆನ ಸ್ವಲ್ಪ ಮೇಲಕ್ಕೆ ಹಾಕಿದ್ರೆ ಏನಾಗುತ್ತೆ?”

“ಇನ್ನೂರ ಇಪ್ಪತ್ತೆಂಟಕ್ಕೆ ಹಾಕಿದ್ರೆ ಸಂಜೆಯೊಳಗೆ ರಾಶಿ ಘಟನೆ ಬೀಳುತ್ತೆ. ಎಲ್ಲಾ ಜುಜುಬಿ. ಆದ್ರೆ ನಿಮ್ಮ ಯಜಮಾನ್ರು ಕಣ್ಮುಚ್ಚಿ ನಂಬ್ತಾರೆ.”

“ಮತ್ತೆ ಹಾಕೋ.”

“ಅಕ್ಕಾ, ನಿಜ ಹೇಳು. ನೀನೇ ನಿಲ್ಲಿಸ್ತಿದ್ದೀಯಾ?”

ಅವಳು ಸೊಂಟ ಹಿಡಿದುಕೊಂಡು ಗೋಡೆಗೆ ಒರಗಿದಳು. “ಯಂತ್ರ ಓಡ್ತಿರುವಾಗ ಕೂರೋ ಹಾಗಿಲ್ಲ ಕಣೋ. ಒಂದ್ಸಲ ನಿಂತ್ರೆ ಅಂಟು ಮತ್ತೆ ಕಾಯೋವರೆಗೂ ಕೂರಬಹುದು. ಅಷ್ಟೇ ನಾನು ಮಾಡಿದ್ದು.”

ಅವನಿಗೆ ಅಳು ಬಂತು, ಸಿಟ್ಟೂ ಬಂತು. ಇಷ್ಟು ವರ್ಷ ಯಾರು ಏನು ಕೊಡುತ್ತೇನೆಂದರೂ ಗೆರೆ ಕದಲಿಸದವನು, ಆ ಹೊತ್ತು ತಲೆ ತಗ್ಗಿಸಿ ಗುಂಡಿ ಒತ್ತಿದ. ಇನ್ನೂರ ಇಪ್ಪತ್ತೆಂಟು.

ಸಂಜೆ ಪರದೆಯ ಮೇಲಿನ ಘಟನೆಗಳ ಸಾಲು ನೋಡಿ ಯಜಮಾನರು ಹಣೆ ಚಚ್ಚಿಕೊಂಡರು. ಅವರೇನೂ ಕೆಟ್ಟ ಮನುಷ್ಯರಲ್ಲ. ಎಲ್ಲರ ಎದುರೇ ಅಕ್ಕನಿಗೆ ಕೈಮುಗಿದರು.

“ತಪ್ಪಾಯ್ತಮ್ಮ, ಸುಮ್ಸುಮ್ನೆ ನಿನ್ನ ಮೇಲೆ ಗೂಬೆ ಕೂರಿಸ್ದೆ. ನಾಳೆನೇ ದೊಡ್ಡ ಸ್ಟೆಬಿಲೈಜರ್ ಹಾಕಿಸ್ತೀನಿ. ಇನ್ಮೇಲೆ ನಿನಗೆ ಯಾವ ತೊಂದರೆನೂ ಇಲ್ಲ, ಬೆಳಗ್ಗೆಯಿಂದ ಸಂಜೆವರೆಗೂ ಆ ಯಂತ್ರ ನಿಲ್ಲೋ ಮಾತೇ ಇಲ್ಲ.”

ಗೆರೆಯಣ್ಣ ಅಕ್ಕನ ಮುಖ ನೋಡಲಾರದೆ ತಂತಿ ಸುತ್ತತೊಡಗಿದ. “ಒಳ್ಳೇದಾಯ್ತು ಯಜಮಾನ್ರೇ” ಎಂದಳು ಅಕ್ಕ, ಮತ್ತೆ ಹೋಗಿ ಯಂತ್ರದ ಮುಂದೆ ನಿಂತುಕೊಂಡಳು.